ಕಾಸಿದ ಕಬ್ಬಿಣದ ಮಜ್ಜಿಗೆ

ತಲೆಯೊಳಗೆ ರಕ್ತ ಸುರಿದ ಗಂಡಸಿಗೆ ಬಾಣಂತಿಯ ಪಥ್ಯ ಮಾಡಿ ಹಾಕಿದ ಮನೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರ ಸಿಟ್ಟು ಇನ್ನೂ ಇಳಿದಿಲ್ಲ. ಮೊಣಕಾಲು ಸೋತು ಕೆಲಸ ಬಿಟ್ಟ ಮೇಲೆ ಸಿಟ್ಟೂ ತಾನಾಗಿ ಬಿಟ್ಟುಹೋದೀತು ಎಂದುಕೊಂಡಿದ್ದೆ. ಎಲ್ಲಿ? ಬೆಳಿಗ್ಗೆ ಲಿಂಗಪೂಜೆಗೆ ಕುಳಿತರೆ ಅದೂ ಪಕ್ಕದಲ್ಲೇ ಬಂದು ಕೂರುತ್ತದೆ. ಲಕ್ವಾ, ಅಂದರೆ ಪಾರ್ಶ್ವವಾಯು ಹೊಡೆದವರ ಆರೈಕೆಗೆ ಈಗ ಹೊಸ ಹುಡುಗಿಯರು ಹೋಗುತ್ತಿದ್ದಾರೆ. ಅವರಿಗಾದರೂ ಉಪಯೋಗವಾಗಲಿ ಎಂದು ಬರೆಯಲು ಕುಳಿತಿದ್ದೇನೆ.

ನಾನು ನರ್ಸ್ ಅಲ್ಲ. ಭಾಲ್ಕಿಯಲ್ಲಿ ಹತ್ತನೆಯವರೆಗೆ ಓದಿ ಮದುವೆಯಾದವಳು. ನಮ್ಮ ಮನೆಯವರದು ಕೇಂದ್ರ ಸರ್ಕಾರದ ನೌಕರಿ; ಅವರಿಗೆ ವರ್ಗವಾದಲ್ಲಿಗೆ ಡಬ್ಬಿ ಡಬರಿ ಕಟ್ಟಿಕೊಂಡು ಹೋಗುವುದು ನನ್ನ ನೌಕರಿ. ನಾಸಿಕದಲ್ಲಿದ್ದಾಗ ಮಕ್ಕಳು ಕಾಲೇಜು ಸೇರಿದರು, ಹಗಲು ಖಾಲಿಯಾಯಿತು. ಆಗ ಶುರುವಾದದ್ದು ಈ ಕೆಲಸ. ಮಹಾರಾಷ್ಟ್ರದಲ್ಲಿ ಆರೈಕೆಯ ಹೆಂಗಸನ್ನು ಮಾವಶಿ ಎನ್ನುತ್ತಾರೆ. ಮಾವಶಿ ಎಂದರೆ ಚಿಕ್ಕಮ್ಮ. ಚಿಕ್ಕಮ್ಮ ಎಂದು ಕರೆದು ಚಪ್ಪಲಿ ಬಿಡುವ ಜಾಗದಲ್ಲಿ ಚಹಾ ಕೊಡುವ ಮನೆಗಳು ಬೇಕಾದಷ್ಟಿದ್ದವು. ಬಡ್ತಿ ಎನ್ನುವುದು ನನಗೆ ಒಂದೇ ಸಿಕ್ಕಿತು: ಮಾವಶಿ ಇದ್ದವಳು ಮೋಠಿ ಮಾವಶಿ, ಅಂದರೆ ದೊಡ್ಡ ಚಿಕ್ಕಮ್ಮ ಆದೆ. ಚಹಾ ಮಾತ್ರ ಅಲ್ಲಿಯೇ.

ಮೊದಲ ರೋಗಿ ಕಲಬುರಗಿ ಕಡೆಯ ಒಬ್ಬ ಬ್ಯಾಂಕ್ ಅಧಿಕಾರಿ. ಹೆಂಡತಿ ತೀರಿಕೊಂಡಿದ್ದರು. ನಾಸಿಕದ ಪಂಚವಟಿಯಲ್ಲಿ ಮಗನ ಸಂಗಡ ಇದ್ದರು. ಇಪ್ಪತ್ತು ವರ್ಷ ಮರಾಠಿಯಲ್ಲಿ ವ್ಯವಹಾರ ಮಾಡಿದ ಮನುಷ್ಯನಿಗೆ ಲಕ್ವಾ ಹೊಡೆದ ಮೇಲೆ ಮರಾಠಿ ಪೂರ್ತಿ ಹೋಗಿಬಿಟ್ಟಿತು. ಉಳಿದದ್ದು ಕನ್ನಡ, ಅದೂ ತೊದಲು. ಮಗನಿಗೆ ಮನೆಗನ್ನಡ ತಿಳಿಯುತ್ತಿತ್ತು, ತೊದಲುಗನ್ನಡ ತಿಳಿಯಲಿಲ್ಲ. ಆಸ್ಪತ್ರೆಯ ವಾರ್ಡಿನವರು ರೋಗಿ ಅರ್ಥವಿಲ್ಲದ್ದನ್ನು ಬಡಬಡಿಸುತ್ತಾನೆ ಎಂದು ತೀರ್ಮಾನಿಸಿ ಮಂಪರಿನ ಔಷಧಿಯ ಮಾತು ಆಡುತ್ತಿದ್ದರು. ಕನ್ನಡದವಳು ಎಂದು ಯಾರೋ ನನ್ನನ್ನು ಕರೆದೊಯ್ದರು. ನಾನು ಬಾಯಿಯ ಹತ್ತಿರ ಕಿವಿ ಇಟ್ಟು ಕೇಳಿದೆ. ಅವರು ಹೇಳುತ್ತಿದ್ದದ್ದು ಇಷ್ಟೇ: ಬಿದ್ದ ಕೈಯ ಭುಜ ಜಗ್ಗುತ್ತದೆ, ಅದರ ಕೆಳಗೆ ದಿಂಬು ಇಡಿ. ದಿಂಬು ಇಟ್ಟೆ. ಬಡಬಡಿಕೆ ನಿಂತಿತು. ತಮಗೆ ಬಾರದ ಭಾಷೆಯನ್ನು ರೋಗ ಎಂದು ಕರೆಯುವವರನ್ನು ನಾನು ಅಲ್ಲಿಯೇ ಮೊದಲು ಕಂಡದ್ದು. ಆದರೆ ಶಿವನ ದಯೆ, ಆ ದಿನ ಒಬ್ಬ ಮನುಷ್ಯನಿಗೆ ಭುಜದ ನೋವಾದರೂ ಕಡಿಮೆಯಾಯಿತು.

ಹೀಗೆ ಒಂದು ಮನೆಯಿಂದ ಇನ್ನೊಂದು. ಅದೇ ಪಂಚವಟಿಯ ಓಣಿಯಲ್ಲಿ ಒಬ್ಬ ಅಜ್ಜಿ, ಅರ್ಚಕರ ಮನೆಯವರು. ಅವರಿಗೆ ದಿನವೂ ಬೆಳಿಗ್ಗೆ ಗೋದಾವರಿಯ ತೀರ್ಥವನ್ನು ಉದ್ಧರಣೆಯಿಂದ ಬಾಯಿಗೆ ಹಾಕುತ್ತಿದ್ದರು. ಹಾಕಿದಾಗಲೆಲ್ಲ ಅಜ್ಜಿ ಕೆಮ್ಮುತ್ತಿದ್ದರು. ಲಕ್ವಾದಲ್ಲಿ ಗಂಟಲೂ ಅರ್ಧ ಮಲಗಿರುತ್ತದೆ. ತೆಳ್ಳಗಿನ ನೀರು ಹೊಟ್ಟೆಯ ದಾರಿ ಬಿಟ್ಟು ಶ್ವಾಸದ ದಾರಿ ಹಿಡಿಯುತ್ತದೆ. ಹಾಗೇ ಎದೆಯಲ್ಲಿ ಕಫ ತುಂಬಿ ಜ್ವರ ಬಂತು. ತೀರ್ಥದಿಂದ ಎಲ್ಲಿಯಾದರೂ ಜ್ವರ ಬಂದೀತೇ ಎಂದು ಮನೆಯ ಯಜಮಾನರು ನನ್ನನ್ನೇ ಬೈದರು, ನಿನಗೆ ದೇವರಲ್ಲಿ ನಂಬಿಕೆ ಇಲ್ಲವೇ ಎಂದು ಕೇಳಿದರು. ನಂಬಿಕೆ ಇದ್ದದ್ದಕ್ಕೇ ಹೇಳಿದೆ, ಕಣ್ಣಿಗೆ ಒತ್ತಿ, ನೆತ್ತಿಗೆ ಹಚ್ಚಿ, ದೇವರು ಗಂಟಲ ದಾರಿಯೇ ಬೇಕು ಎಂದು ಹಟ ಹಿಡಿಯುವುದಿಲ್ಲ ಎಂದು. ಕೇಳಲಿಲ್ಲ. ಡಾಕ್ಟರ್ ಬಂದು ಅದೇ ಮಾತನ್ನು ಹೇಳಿದ ಮೇಲೆ ಕೇಳಿದರು.

ಇದರ ಚಾಡಿ ನಮ್ಮ ಬ್ಯೂರೋಗೆ ಹೋಯಿತು. ಬ್ಯೂರೋ ಎಂದರೆ ನಮ್ಮನ್ನು ಮನೆಮನೆಗೆ ಕಳಿಸುವ ಕಚೇರಿ. ಅದನ್ನು ನಡೆಸುತ್ತಿದ್ದ ಮೇಡಂ ಹಿಂದೆ ದೊಡ್ಡ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದವರು. ಕೆಲಸ ಕಲಿಸಿದ್ದು ಅವರೇ, ಅದನ್ನು ಮರೆಯಬಾರದು. ಎರಡು ತಾಸಿಗೊಮ್ಮೆ ಹೊರಳಿಸುವುದು, ತಲೆ ಎತ್ತರಿಸಿ ಕೂರಿಸಿಯೇ ಉಣ್ಣಿಸುವುದು, ಬಿದ್ದ ಕೈಯನ್ನು ಹಿಡಿದು ಜಗ್ಗದಿರುವುದು. ಆದರೆ ಅವರ ಮುಖ್ಯ ಪಾಠ ಬೇರೆಯೇ ಇತ್ತು: ರೋಗಿಯ ಮನೆಯಲ್ಲಿ ನಿನಗೆ ಎರಡು ಕೈ ಇವೆ, ಬಾಯಿ ಇಲ್ಲ. ಚಾಡಿ ಹೋದ ದಿನ ಅದನ್ನೇ ಮತ್ತೆ ಗದರಿ ಹೇಳಿದರು; ಅಲ್ಲಿಂದ ಈ ಪಾಠವನ್ನು ನಾನು ಬಹಳ ದಿನ ಪಾಲಿಸಿದೆ. ಗಾಳಿ ತುಂಬಿದ ಹಾಸಿಗೆ ಬಂತು, ಮೂಗಿನ ನಳಿಗೆಯಲ್ಲಿ ಊಟ ಕೊಡುವುದು ಮನೆಗೂ ಬಂತು, ಬೇಗ ಕರೆತಂದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಂಟು ಎಂದು ಜನರಿಗೆ ತಿಳಿಯುತ್ತ ಬಂತು. ಎಲ್ಲ ಬದಲಾಯಿತು, ಮಾವಶಿಯ ಬಾಯಿ ಮಾತ್ರ ಹೊಲಿದೇ ಇತ್ತು.

ಮುಂದೆ ಮನೆಯವರಿಗೆ ಸಂಭಾಜಿನಗರಕ್ಕೆ ವರ್ಗವಾಯಿತು. ಆಗ ಎಲ್ಲರೂ ಔರಂಗಾಬಾದ್ ಎನ್ನುತ್ತಿದ್ದರು. ಮೇಡಂ ಅವರ ಬ್ಯೂರೋದ ಶಾಖೆ ಅಲ್ಲಿಯೂ ಇತ್ತು. ನಾನು ಹೇಳಬೇಕೆಂದಿರುವುದು ನಡೆದದ್ದು ಅಲ್ಲಿ.

ಶಿವಲಿಂಗಪ್ಪನವರು ಹುಮನಾಬಾದ್ ಕಡೆಯವರು. ಔರಂಗಾಬಾದಿನಲ್ಲಿ ದೊಡ್ಡ ಮನೆ, ಹತ್ತಿರದ ಸಿಲ್ಲೋಡಿನಲ್ಲಿ ಹತ್ತಿ ವ್ಯಾಪಾರ. ಹೆಂಡತಿ ನೀಲಮ್ಮ, ಮಗ ಗುರುನಾಥ. ಸೊಸೆ ಸವಿತಾ, ಕಲಬುರಗಿಯ ಹುಡುಗಿ, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಶಿವಲಿಂಗಪ್ಪನವರಿಗೆ ರಕ್ತದ ಒತ್ತಡ ಏರಿ ಮಿದುಳಿನ ನರ ಒಡೆದು ಒಳಗೇ ರಕ್ತ ಸುರಿದಿತ್ತು. ಎಲ್ಲ ಲಕ್ವಾ ಒಂದೇ ಅಲ್ಲ. ಕೆಲವರಿಗೆ ರಕ್ತನಾಳ ಮುಚ್ಚುತ್ತದೆ, ಕೆಲವರಿಗೆ ಒಡೆಯುತ್ತದೆ. ಇವರದು ಒಡೆದದ್ದು. ಇನ್ನೂ ಕೆಲವು ದಿನ ಇರಲಿ, ಮಿದುಳಿನ ಬಾವು ಏರಬಹುದು ಎಂದು ಡಾಕ್ಟರ್ ಹೇಳಿದರೂ, ಆಸ್ಪತ್ರೆಯ ಹವಾ ಒಗ್ಗುವುದಿಲ್ಲ ಎಂದು ಹಟ ಹಿಡಿದು ಮನೆಗೆ ತಂದಿದ್ದರು. ಮನೆಗೆ ತಂದ ದಿನವೇ ನಾನು ಹೋದೆ.

ಹೋದಾಗ ಅಡುಗೆಮನೆಯಿಂದ ಚುಂಯ್ ಎಂದು ಸದ್ದು ಬಂತು. ನೀಲಮ್ಮನವರು ಗ್ಯಾಸಿನ ಮೇಲೆ ಕುಡುಗೋಲನ್ನು ಕೆಂಪಗೆ ಕಾಸಿ ಮಜ್ಜಿಗೆಯಲ್ಲಿ ಅದ್ದುತ್ತಿದ್ದರು. ಪಕ್ಕದ ಪಾತ್ರೆಯಲ್ಲಿ ಅಳವಿ ಬೀಜದ ಪಾಯಸ. ಎರಡನ್ನೂ ನಾನು ಚೆನ್ನಾಗಿ ಬಲ್ಲೆ. ಹಡೆದಾಗ ನನ್ನ ತಾಯಿ ನನಗೂ ಕೊಟ್ಟಿದ್ದಳು. ನಮ್ಮ ಕಡೆ ಬಾಣಂತಿಗೆ ರಕ್ತ ಹೋಗಿದೆ ಎಂದು ಕಬ್ಬಿಣ ಕಾಸಿದ ಮಜ್ಜಿಗೆ, ಅಳವಿ, ಬೆಲ್ಲ ಕೊಡುವ ವಾಡಿಕೆ ಇದೆ. ಇಲ್ಲಿ ಯಾರು ಹಡೆದಿದ್ದಾರೆ ಎಂದು ಕೇಳಿದೆ. ನೀಲಮ್ಮನವರು ನಗಲಿಲ್ಲ.

“ಹಡದಾಕಿಗಿ ರಕ್ತ ಹೋದರ ಏನ ಕೊಡ್ತೀವ್ರಿ? ಇವರದೂ ರಕ್ತ ಹೋಗ್ಯದ. ದಾರಿ ಬ್ಯಾರೆ, ರಕ್ತ ಒಂದ.”

ಕೇಳಿದರೆ ಯಾರಿಗೂ ಸರಿ ಎನ್ನಿಸುವ ಮಾತು. ಯಾರೋ ಬೀಗರು ಕಬ್ಬಿಣದ ಅಂಶದ ಟಾನಿಕ್ ಬಾಟಲಿಯನ್ನೂ ತಂದಿಟ್ಟಿದ್ದರು. ನನ್ನ ಚಿಂತೆ ಆ ಹೊತ್ತಿಗೆ ಕಬ್ಬಿಣದ್ದಲ್ಲ, ಗಂಟಲಿನದು. ಶಿವಲಿಂಗಪ್ಪನವರಿಗೆ ನಳಿಗೆಯಲ್ಲಿಯೇ ಊಟ ಎಂದು ಡಾಕ್ಟರ್ ಸ್ಪಷ್ಟವಾಗಿ ಹೇಳಿ ಕಳಿಸಿದ್ದರು, ನೀಲಮ್ಮನವರು ಚಮಚದಿಂದ ಬಾಯಿಗೆ ಹಾಕಲು ಹೊರಟಿದ್ದರು. ನಾನು ಸವಿತಾಳನ್ನು ಪಕ್ಕಕ್ಕೆ ಕರೆದು, ಬಾಯಿಂದ ಒಂದು ಹನಿಯೂ ಬೇಡ, ಬರೆದುಕೊಡದ ಟಾನಿಕ್ಕೂ ಬೇಡ ಎಂದೆ. ಅವಳು ತಲೆಯಾಡಿಸಿದಳು, ಮಾವನಿಗೆ ತಾನೇ ಕೊಡುತ್ತೇನೆ ಎಂದು ಅತ್ತೆಯ ಕೈಯಿಂದ ಪಾತ್ರೆ ಇಸಿದುಕೊಂಡಳು. ಅತ್ತೆ ಮಾಡಿಟ್ಟ ಮಜ್ಜಿಗೆಯನ್ನು ದಿನವೂ ತಾನೇ ಕುಡಿದುಬಿಡುತ್ತಿದ್ದಳು. ಚೆಲ್ಲಿದರೆ ಅನ್ನಕ್ಕೆ ಅವಮಾನ, ಕೊಟ್ಟರೆ ಮಾವನಿಗೆ ಅಪಾಯ ಅಂತ.

ಅದು ಬೆಳಕಿಗೆ ಬರಲು ಬಹಳ ದಿನ ಬೇಕಾಗಲಿಲ್ಲ. ಒಂದು ಮುಂಜಾನೆ ಶಿವಲಿಂಗಪ್ಪನವರು ಕರೆದರೆ ಕಣ್ಣು ತೆರೆಯಲಿಲ್ಲ. ಹಿಂದಿನ ದಿನ ನನ್ನ ಬೆರಳು ಹಿಡಿದಿದ್ದ ಒಳ್ಳೆಯ ಕೈಯೂ ಸಡಿಲವಾಗಿತ್ತು. ಈಗಿಂದೀಗ ಆಸ್ಪತ್ರೆಗೆ ಒಯ್ಯಬೇಕು ಎಂದೆ. ಗುರುನಾಥ ಗಾಡಿಗೆ ಫೋನ್ ಮಾಡುತ್ತಿದ್ದ. ಅಷ್ಟರಲ್ಲಿ ನೀಲಮ್ಮನವರಿಗೆ ಮಜ್ಜಿಗೆಯ ವಿಷಯ ಹೇಗೋ ಹೊಳೆಯಿತು, ಸವಿತಾಳನ್ನು ಕೇಳಿದರು, ಅವಳು ಸುಳ್ಳು ಹೇಳಲಿಲ್ಲ. ಮಲಗಿದ್ದ ಗಂಡನ ತಲೆದೆಸೆಯಲ್ಲೇ ನಿಂತು ನೀಲಮ್ಮ ಸೊಸೆಗೆ ಹೇಳಿದ ಮಾತು ಇದು:

“ರಕ್ತ ಹೋದ ಮನುಷ್ಯಾಗ ಕಬ್ಬಿಣ ತಪ್ಪಿಸಿದಿ. ನನ್ನ ಗಂಡನ್ನ ನೀನ ಕೊಂದಿ. ಇವರು ಉಳದ್ರೂ ಹೋದ್ರೂ ನೀ ಈ ಮನ್ಯಾಗ ಇರಂಗಿಲ್ಲ.”

ಬೇಡ ಎಂದು ಹೇಳಿದವಳು ನಾನು, ಬೈಯುವುದಾದರೆ ನನ್ನನ್ನು ಬೈಯಿರಿ ಎಂದು ನಡುವೆ ಹೋದೆ. ನೀವು ದುಡಿಯಲು ಬಂದವರು, ಸುಮ್ಮನಿರಿ, ಆಕೆ ಮನೆಯ ಸೊಸೆ ಎಂದರು. ಈಕೆಯ ಕಾಲು ಈ ಮನೆಗೆ ಬಂದ ಮೇಲೆಯೇ ಇದೆಲ್ಲ ಎಂದೂ ಸೇರಿಸಿದರು. ಗಂಡಸಿನ ತಲೆಯಲ್ಲಿ ನರ ಒಡೆದರೂ ಅದರ ಕಾರಣವನ್ನು ಸೊಸೆಯ ಕಾಲಿನಲ್ಲಿ ಹುಡುಕುವ ಜನ ನಾವು. ಗುರುನಾಥ ಫೋನ್ ಕಿವಿಗೆ ಹಿಡಿದುಕೊಂಡೇ ನಿಂತಿದ್ದ, ಆ ಕಡೆಯಿಂದ ಯಾರೂ ಮಾತಾಡುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಮತ್ತೆ ಸ್ಕ್ಯಾನ್ ಮಾಡಿದರು. ಬಾವು ಏರಿದೆ, ಇಳಿಸಲು ಔಷಧಿ ಹಾಕುತ್ತೇವೆ ಎಂದು ಡಾಕ್ಟರ್ ಗುರುನಾಥನಿಗೆ ನಡೆಯುತ್ತಲೇ ಹೇಳಿ ಹೋದರು. ಬಾವು ಏಕೆ ಏರಿತು ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಎರಡನೆಯ ದಿನಕ್ಕೆ ಸವಿತಾಳ ಬ್ಯಾಗು ಆಸ್ಪತ್ರೆಯ ಬೆಂಚಿನ ಕೆಳಗೆ ಬಂದು ಕುಳಿತಿತ್ತು. ಸಂಜೆಯ ಬಸ್ಸಿಗೆ ಕಲಬುರಗಿಗೆ ಕಳಿಸುವುದೆಂದು ನಿಶ್ಚಯವಾಗಿತ್ತು. ಮಾವನನ್ನು ಉಪವಾಸ ಕೆಡವಿದ ಸೊಸೆ ಎಂಬ ಹೆಸರು ಹೊತ್ತು ತವರಿಗೆ ಹೋದವಳು ಮತ್ತೆ ಯಾವ ಮುಖದಿಂದ ಬರುತ್ತಾಳೆ?

ನಾನು ಆಸ್ಪತ್ರೆಯ ಪಡಸಾಲೆಯಲ್ಲಿ ಡಾಕ್ಟರನ್ನು ತಡೆದು ನಿಲ್ಲಿಸಿದೆ. ಕಬ್ಬಿಣ ಕೊಡದೆ ಇದ್ದದ್ದಕ್ಕೆ ಹೀಗಾಯಿತೇ ಎಂದು ಕೇಳಿದೆ. ಅವರು ನಕ್ಕು, ಮಾವಶಿ, ಅದು ನಿಮಗೆ ತಿಳಿಯುವಂಥದ್ದಲ್ಲ, ಬಹಳ ಗೋಜಲಿನ ವಿಷಯ ಎಂದರು. ಮೇಡಂ ಹೊಲಿದ ಹೊಲಿಗೆ ಅಲ್ಲಿ ಬಿಚ್ಚಿತು. ನನ್ನ ಬೀದರಿನ ಮರಾಠಿಯಲ್ಲಿಯೇ ಹೇಳಿದೆ, ಸಾಹೇಬರೇ, ನನಗೆ ತಿಳಿಯದಿದ್ದರೆ ನಷ್ಟವಿಲ್ಲ, ಆದರೆ ನೀವು ಬಾಯಿ ಬಿಡದ್ದಕ್ಕೆ ಆ ಬೆಂಚಿನ ಮೇಲೆ ಕುಳಿತ ಹುಡುಗಿಯ ಸಂಸಾರ ಇವತ್ತು ಸಂಜೆಯ ಬಸ್ಸಿನಲ್ಲಿ ಹೋಗುತ್ತದೆ. ಅವರು ಬೆಂಚಿನ ಕಡೆ ನೋಡಿದರು. ಬ್ಯಾಗನ್ನೂ ನೋಡಿದರು. ಎಲ್ಲರನ್ನೂ ಒಳಗೆ ಕರೆಯಿರಿ ಎಂದರು. ಹೀಗೆ ಬಾಯಿ ತೆರೆದದ್ದಕ್ಕೆ ಮೇಡಂ ಆಮೇಲೆ ನನ್ನನ್ನು ಬಹಳ ದಿನ ಕೆಲಸವಿಲ್ಲದೆ ಕೂರಿಸಿದರು, ಅದು ಇರಲಿ.

ಡಾಕ್ಟರ್ ಮರಾಠಿಯಲ್ಲಿ ಹೇಳಿದ್ದನ್ನು ನಾನು ನೀಲಮ್ಮನವರಿಗೆ ನಮ್ಮ ಮಾತಿನಲ್ಲಿ ಹೇಳುತ್ತ ಹೋದೆ. ನೀವೂ ಮುಂದೆ ಯಾವುದಾದರೂ ಮನೆಯಲ್ಲಿ ಹೇಳಬೇಕಾದೀತು, ಅದಕ್ಕೆ ಇಲ್ಲಿ ಬರೆಯುತ್ತೇನೆ.

ಮಿದುಳು ಎಂದರೆ ಮಡಿಯ ಅಡುಗೆಮನೆ ಇದ್ದ ಹಾಗೆ. ಅದಕ್ಕೂ ಕಬ್ಬಿಣ ಬೇಕು, ಅದಿಲ್ಲದೆ ಅದರ ಕೆಲಸ ನಡೆಯುವುದಿಲ್ಲ. ಆದರೆ ನಾವು ತಿಂದದ್ದು ನೆಟ್ಟಗೆ ಅಲ್ಲಿಗೆ ಹೋಗುವುದಿಲ್ಲ. ಹೊಟ್ಟೆಯಿಂದ ರಕ್ತಕ್ಕೆ ಬಂದು, ಅಲ್ಲಿಂದ ಮಿದುಳಿನ ಹೊಸ್ತಿಲಲ್ಲಿ ನಿಲ್ಲಬೇಕು. ಅಲ್ಲಿ ರಕ್ತನಾಳದ ಗೋಡೆಯೇ ಕಾವಲು. ಎಷ್ಟು ಬೇಕೋ ಅಷ್ಟನ್ನು ಅಳೆದು ಒಳಗೆ ಬಿಡುತ್ತದೆ, ಸಾಕಾದರೆ ಬಾಗಿಲು ಬಿಗಿ ಮಾಡುತ್ತದೆ. ಹೆಚ್ಚಿನ ಕಬ್ಬಿಣವನ್ನು ಒಳಗೆ ಮುಚ್ಚಳದ ಡಬ್ಬಿಗಳಲ್ಲಿ ಹಾಕಿಡುವ ವ್ಯವಸ್ಥೆಯೂ ಇದೆ, ಏಕೆಂದರೆ ಬಿಡಿಯಾಗಿ ಬಿದ್ದ ಕಬ್ಬಿಣ ಅಕ್ಕಪಕ್ಕದ್ದನ್ನು ಸುಡುತ್ತದೆ. ಈಗ ನರ ಒಡೆದರೆ? ರಕ್ತ ಹೊಸ್ತಿಲು ದಾಟದೆ ನೆಟ್ಟಗೆ ಅಡುಗೆಮನೆಯ ನಡುವೆ ಸುರಿಯಿತು. ರಕ್ತ ಕೆಂಪಗಿರುವುದೇ ಕಬ್ಬಿಣದಿಂದ. ಆ ರಕ್ತದ ಕಣಗಳು ಕೂಡಲೇ ಒಡೆಯುವುದಿಲ್ಲ, ದಿನ ಕಳೆದಂತೆ ಒಡೆಯುತ್ತವೆ. ಮಿದುಳಿನ ಕಸ ಬಳಿಯುವ ಕಣಗಳು ಬಂದು ಅದನ್ನು ನುಂಗಿ, ಕಬ್ಬಿಣವನ್ನು ಬೇರೆ ಮಾಡಿ, ಡಬ್ಬಿಗೆ ತುಂಬುತ್ತವೆ. ಡಬ್ಬಿ ಸಾಲದೇ ಹೋದಾಗ ಉಳಿದ ಕಬ್ಬಿಣ ಸುತ್ತಲಿನ ಒಳ್ಳೆಯ ಭಾಗವನ್ನೂ ಕೆಡಿಸುತ್ತದೆ, ಬಾವು ಏರುತ್ತದೆ. ಬಾವು ಏರಲು ಬೇರೆ ಕಾರಣಗಳೂ ಇವೆ, ಇದು ಅದರಲ್ಲಿ ಒಂದು. ಅದಕ್ಕೇ ಚೇತರಿಸುತ್ತಿದ್ದಾರೆ ಅನ್ನಿಸಿದ ರೋಗಿ ಕೆಲವು ದಿನಗಳ ಮೇಲೆ ಹಿಂದಕ್ಕೆ ಜಾರುವುದು. ಆ ಕಬ್ಬಿಣವನ್ನು ಹಿಡಿದು ಹೊರಗೆ ಹಾಕುವ ಔಷಧಿ ಆದೀತೇ ಎಂದು ದೊಡ್ಡವರು ನೋಡುತ್ತಿದ್ದಾರೆ, ಇನ್ನೂ ನಂಬುವ ಹಾಗೆ ಆಗಿಲ್ಲ ಎಂದರು.

ನೀಲಮ್ಮನವರು ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು.

“ಅಂದ್ರ ಇವರಿಗಿ ಕಬ್ಬಿಣ ಕಡಿಮಿ ಬಿದ್ದಿದ್ದಲ್ಲೇನು?”

“ತಲ್ಯಾಗ ಹೆಚ್ಚಾಗಿದ್ದು, ನೀಲಮ್ಮ,” ಎಂದೆ. “ನೀವು ಕಡಿಮಿ ಅಂತ ಹೊಡದಾಡ್ಲತ್ತೀರಿ.”

ಡಾಕ್ಟರ್ ಇನ್ನೂ ಒಂದು ಮಾತು ಹೇಳಿದರು, ಅದು ನ್ಯಾಯದ ಮಾತು. ಮಜ್ಜಿಗೆ ಹೊಟ್ಟೆಗೆ ಹೋಗಿದ್ದರೂ ಅದರ ಕಬ್ಬಿಣದಿಂದ ಈ ಬಾವು ಏರುತ್ತಿರಲಿಲ್ಲ, ಹೋಗದ್ದರಿಂದಲೂ ಏರಲಿಲ್ಲ. ಮೈಯಲ್ಲಿ ರಕ್ತ ಕಡಿಮೆ ಇದ್ದರೆ ಪರೀಕ್ಷೆ ಮಾಡಿ ನಾವೇ ಟಾನಿಕ್ ಕೊಡುತ್ತೇವೆ, ನೀವಾಗಿ ಕೊಡಬೇಡಿ. ಆದರೆ ಆ ಮಜ್ಜಿಗೆ ಬಾಯಿಂದ ಹೋಗಿದ್ದರೆ ಇಷ್ಟು ಹೊತ್ತಿಗೆ ಎದೆಯಲ್ಲಿ ತುಂಬಿಕೊಂಡು ನಾನು ಬೇರೆಯೇ ಸುದ್ದಿ ಹೇಳಬೇಕಾಗುತ್ತಿತ್ತು, ಅದನ್ನು ತಡೆದವರು ಯಾರು ಎಂದರು. ಒತ್ತಡದ ಗುಳಿಗೆ ದಿನವೂ ತೆಗೆದುಕೊಳ್ಳುತ್ತಿದ್ದರೇ ಎಂದು ಅವರು ಕೇಳಿದಾಗ ಗುರುನಾಥ ನೆಲ ನೋಡುತ್ತ, ಮೈ ಹಗುರಾಗಿದೆ ಎಂದು ಅಪ್ಪ ಬಿಟ್ಟಿದ್ದರು ಎಂದ.

ಇಷ್ಟು ಹೇಳಲು ಡಾಕ್ಟರಿಗೆ ಒಂದು ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಅದನ್ನೇ ಮೊದಲ ದಿನ ಮನೆಗೆ ಕಳಿಸುವಾಗ ಹೇಳಿದ್ದರೆ? ರೋಗಿಗೆ ಏನು ಬೇಡ ಎಂದು ಹೇಳುತ್ತಾರೆ, ಯಾಕೆ ಬೇಡ ಎಂದು ಹೇಳುವುದಿಲ್ಲ. ಆ ಯಾಕೆ ಎನ್ನುವ ಜಾಗ ಖಾಲಿ ಬಿದ್ದಿರುತ್ತದೆ, ಅಲ್ಲಿ ಜನ ಒಬ್ಬ ಹೆಣ್ಣುಮಗಳನ್ನು ತಂದು ನಿಲ್ಲಿಸುತ್ತಾರೆ. ಹುಡುಗಿಯರೇ, ನಿಮ್ಮ ಮೇಡಂ ನಿಮಗೆ ಬಾಯಿ ಇಲ್ಲ ಎಂದು ಹೇಳಿದರೆ ತಲೆಯಾಡಿಸಿ. ಆದರೆ ಡಾಕ್ಟರನ್ನು ಯಾಕೆ ಎಂದು ಕೇಳುವಾಗ ಆ ಮಾತನ್ನು ಮರೆತುಬಿಡಿ.

ಹೊರಗೆ ಬಂದ ಮೇಲೆ ನೀಲಮ್ಮನವರು ಸೊಸೆಯ ಮುಖ ನೋಡದೆ, ಆಯಿತು, ಬ್ಯಾಗ್ ಎತ್ತಿಕೊಂಡು ಮನೆಗೆ ನಡಿ, ಅಡುಗೆಯಾಗಬೇಕು ಎಂದರು. ಅಷ್ಟಕ್ಕೇ ಎಲ್ಲ ಮುಗಿಯಿತು ಎಂಬ ಹಾಗೆ. ಗುರುನಾಥ ಬ್ಯಾಗಿಗೆ ಕೈ ಹಾಕಿದ. ಸವಿತಾ ಅವನ ಕೈಯನ್ನು ಸರಿಸಿದಳು. ಆ ಮನೆಯಲ್ಲಿ ಅಷ್ಟು ದಿನ ಅವಳ ಗಟ್ಟಿ ದನಿ ನಾನು ಕೇಳಿರಲಿಲ್ಲ. ಆಗಲೂ ಗಟ್ಟಿಯಾಗಿ ಹೇಳಲಿಲ್ಲ.

“ಇಲ್ಲಿ ಬ್ಯಾಡ್ರಿ ಅತ್ತಿ. ನೀ ಕೊಂದಿ ಅಂತ ಮಾವರ ತಲಿದೆಸಿಗಿ ನಿಂತು ಅಂದೀರಿ. ಅದು ಖರೇ ಅಲ್ಲಂತ ಅಲ್ಲೇ ನಿಂತು ಹೇಳ್ರಿ. ಆಮ್ಯಾಲ ಮನಿಗಿ ಬರ್ತೀನಿ. ಇಲ್ಲಂದ್ರ ಬಸ್ಸಿಗಿ ಹೊತ್ತು ಅದ.”

ನೀಲಮ್ಮನವರು ಗಾಬರಿಯಾದರು. ಅವರಿಗೇನು ಕೇಳಿಸುತ್ತದೆ ಎಂದು ಏನೋ ಅಂದರು. ಅವರಿಗೆ ಕೇಳಿಸುತ್ತದೆ ಎಂದು ನಾನು ಹೇಳಿದೆ, ಎಷ್ಟು ಎಂದು ಮಾತ್ರ ಶಿವನಿಗೇ ಗೊತ್ತು.

ರೋಗಿಯನ್ನು ನೋಡಲು ಒಳಗೆ ಬಿಡುವ ಹೊತ್ತಿಗೆ ಹೋದೆವು. ಔಷಧಿಯಿಂದ ಬಾವು ತುಸು ಇಳಿದಿತ್ತೋ ಏನೋ, ಶಿವಲಿಂಗಪ್ಪನವರ ಕಣ್ಣು ಅರ್ಧ ತೆರೆದಿತ್ತು. ನೀಲಮ್ಮನವರು ತಲೆಯ ಮೇಲೆ ಸೆರಗು ಎಳೆದುಕೊಂಡರು. ಚಾದರ ಸರಿ ಮಾಡಿದರು, ಸರಿಯಾಗಿದ್ದದ್ದನ್ನೇ ಮತ್ತೆ ಸರಿ ಮಾಡಿದರು. ಆಮೇಲೆ ಗಂಡನ ಕಿವಿಯ ಹತ್ತಿರ ಬಗ್ಗಿದರು.

“ಕೇಳ್ರಿ. ಸವಿತಾಂದು ತಪ್ಪಿಲ್ಲ. ನಾ ಅಂದಿದ್ದು ಸುಳ್ಳು.”

ಮುದುಕರ ಕಣ್ಣು ಆಡಿತೋ ಇಲ್ಲವೋ, ನಾನು ನೋಡಲಿಲ್ಲ. ನಾನು ಹುಡುಗಿಯನ್ನು ನೋಡುತ್ತಿದ್ದೆ. ಅವಳು ಬ್ಯಾಗನ್ನು ಗಂಡನ ಕೈಗೆ ಕೊಟ್ಟಳು.

ನೀಲಮ್ಮನವರು ಸೆಟೆದು ನಿಂತರು. ಸೋತು ಅಭ್ಯಾಸವಿಲ್ಲದವರು. ಡಾಕ್ಟರ್ ಏನೇ ಅನ್ನಲಿ, ಮಜ್ಜಿಗೆ ಒಳ್ಳೆಯದೇ ಎಂದು ಗೊಣಗಿದರು.

“ಹ್ಞೂಂ ಅತ್ತಿ, ಛಲೋನ ಅದ,” ಎಂದಳು ಸವಿತಾ. “ದಿನಾ ನಾನ ಕುಡದೀನಲ್ಲ, ಅದಕ್ಕ ಇವತ್ತ ನಿಮ್ಮ ಮುಂದ ನಿಂದ್ರಲಿಕ್ಕಿ ಶಕ್ತಿ ಬಂದದ.”